ಮಡಿಲ ಕೂಸಿಗೆ ಬಂದ ಬೇನೆ: ತಪ್ಪು ಯಾರದು?



ಹುಟ್ಟಿದ ಕೂಸಿನ ಕಣ್ಣಲ್ಲಿ ಬಿಳಿ ಪೊರೆ ಕಂಡಾಗ, ಇಲ್ಲವೆ ಚಪ್ಪಾಳೆ ತಟ್ಟಿದರೂ ಅದು ತಿರುಗಿ ನೋಡದಿದ್ದಾಗ, ನಮ್ಮ ಊರುಗಳಲ್ಲಿ ಮೊದಲು ಏಳುವ ಪ್ರಶ್ನೆ “ಇದಕ್ಕೆ ಮದ್ದೇನು?” ಎಂಬುದಲ್ಲ. “ಬಸರಿದ್ದಾಗ ಈಕಿ ಏನು ಮಾಡಿದ್ಲೋ?” ಎಂಬುದು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೋ, ತವರಿನವರು ಯಾವ ಹರಕೆ ಮರೆತರೋ, ಹೀಗೆ ವಿಚಾರಣೆ ನಡೆಯುತ್ತದೆ. ಕಟಕಟೆಯಲ್ಲಿ ನಿಲ್ಲುವವಳು ತಾಯಿ ಒಬ್ಬಳೇ. ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಇತರರು ಗ್ರಹಣ ಎನ್ನುವಲ್ಲಿ ನಾವು ದೇವರ ಶಿಕ್ಷೆ ಎನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಈ ಪ್ರಶ್ನೆ ಹೊಸದೇನಲ್ಲ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಯೇಸುಸ್ವಾಮಿಯನ್ನು ಕೇಳುತ್ತಾರೆ. ಸ್ವಾಮಿ ಎರಡನ್ನೂ ನಿರಾಕರಿಸುತ್ತಾರೆ. ಅಷ್ಟಕ್ಕೇ ನಿಲ್ಲದೆ, ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿ, ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸುತ್ತಾರೆ. ಶಿಷ್ಯರು ಹಿಂದಕ್ಕೆ ನೋಡಿ ತಪ್ಪು ಹುಡುಕುತ್ತಿದ್ದರು. ಸ್ವಾಮಿ ಮುಂದಕ್ಕೆ ನೋಡಿ ಕೆಲಸಕ್ಕೆ ಕೈಹಚ್ಚಿದರು. ಈ ಎರಡು ನೋಟಗಳ ವ್ಯತ್ಯಾಸವನ್ನೇ ಇಂದು ನಾವು ಸ್ವಲ್ಪ ಯೋಚಿಸೋಣ.

ಮೊದಲು ಗರ್ಭದೊಳಗೆ ನಡೆಯುವುದೇನೆಂದು ತಿಳಿಯೋಣ. ರುಬೆಲ್ಲಾ ಎಂಬ ರೋಗವಿದೆ. ಜರ್ಮನ್ ದಡಾರ ಎಂದೂ ಅದನ್ನು ಕರೆಯುತ್ತಾರೆ. ಕೆಮ್ಮು ಸೀನುಗಳ ಹನಿಯಿಂದ ಅದು ಹರಡುತ್ತದೆ. ದೊಡ್ಡವರಿಗೆ ಬಂದರೆ ಎರಡು ಮೂರು ದಿನ ಸಣ್ಣ ಜ್ವರ, ಮೈಮೇಲೆ ಕೆಂಪು ಗುಳ್ಳೆ. ಎಷ್ಟೋ ಜನರಿಗೆ ಅದೂ ಕಾಣಿಸದು. ಆದರೆ ಬಸುರಿಯ ರಕ್ತಕ್ಕೆ ಸೇರಿದ ವೈರಸ್ ಮಾಸನ್ನು ಮುಟ್ಟುತ್ತದೆ. ತಾಯಿಗೂ ಮಗುವಿಗೂ ನಡುವೆ ಇರುವ ಈ ಮಾಸು ಒಂದು ಬಾಗಿಲೂ ಹೌದು, ಕಾವಲೂ ಹೌದು. ವೈರಸ್ ಕಾವಲಿನ ಜೀವಕೋಶಗಳಲ್ಲೇ ಬೆಳೆದು, ಅಲ್ಲಿಂದ ಮಗುವಿನ ರಕ್ತಕ್ಕೆ ಇಳಿಯುತ್ತದೆ. ಮೊದಲ ಮೂರು ತಿಂಗಳೆಂದರೆ ಹೃದಯ, ಕಣ್ಣು, ಕಿವಿ, ಮಿದುಳು ಮೂಡುವ ಕಾಲ. ತಾಯಿಯ ದೇಹದ ರಕ್ಷಕ ಕಣಗಳು ಮಗುವಿಗೆ ಹೆಚ್ಚಾಗಿ ದೊರೆಯುವುದು ಕೊನೆಯ ತಿಂಗಳುಗಳಲ್ಲಿ. ಹೀಗೆ ಕಟ್ಟಡ ಏಳುವ ಹೊತ್ತಿಗೆ ಕಾವಲುಗಾರ ಇನ್ನೂ ಬಂದಿರುವುದಿಲ್ಲ. ಗರ್ಭದ ಆರಂಭದಲ್ಲಿ ರುಬೆಲ್ಲಾ ತಗುಲಿದರೆ ಅದು ಮಗುವಿಗೆ ದಾಟುವ ಸಂಭವ ನೂರಕ್ಕೆ 90ರವರೆಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ತಿಂಗಳು ದಾಟಿದ ಮೇಲೆ ಅಂಗಹಾನಿಯ ಭಯ ಬಹಳ ಕಡಿಮೆ.

ಇನ್ನೊಂದು ರೋಗ ನಮ್ಮ ಜಿಲ್ಲೆಯ ಬಾಗಿಲಿಗೇ ಬಂದು ಹೋಗಿದೆ. 2022ರ ಡಿಸೆಂಬರ್‌ನಲ್ಲಿ ಕರ್ನಾಟಕದ ಮೊದಲ ಝೀಕಾ ಪ್ರಕರಣ ದೃಢಪಟ್ಟದ್ದು ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರೀಕ್ಷೆಯಿಂದ ಅದು ತಿಳಿಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ಕಂಡಾಗ, ಸುತ್ತಲ ಹಳ್ಳಿಗಳ ಗರ್ಭಿಣಿಯರ ರಕ್ತವನ್ನು ಪರೀಕ್ಷೆಗೆ ಕಳುಹಿಸಲಾಯಿತು. ಝೀಕಾ ತಗುಲಿದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದರೂ ಅದು ಮಾಸನ್ನು ದಾಟಿ, ಮುಂದೆ ಮಿದುಳಾಗಬೇಕಾದ ಜೀವಕೋಶಗಳನ್ನು ಕೊಲ್ಲಬಲ್ಲದು. 2015ರಲ್ಲಿ ಬ್ರೆಜಿಲ್‌ನಲ್ಲಿ ಚಿಕ್ಕ ತಲೆಯ ಮಕ್ಕಳು ಹುಟ್ಟಿದ್ದು ಹೀಗೆಯೇ. ಗರ್ಭಿಣಿಯರು ಹೆದರಬೇಕಾಗಿಲ್ಲ; ಝೀಕಾ ತಗುಲಿದ ತಾಯಂದಿರಲ್ಲೂ ಹೆಚ್ಚಿನವರ ಮಕ್ಕಳು ಇಂಥ ಅಂಗಹಾನಿಯಿಲ್ಲದೆ ಹುಟ್ಟುತ್ತಾರೆ.

ಈಗ ನೈತಿಕ ಪ್ರಶ್ನೆಗೆ ಬರೋಣ. ಒಂದು ಘಟನೆಗೆ ಕಾರಣವಾಗುವುದು ಬೇರೆ, ಅದಕ್ಕೆ ದೋಷಿಯಾಗುವುದು ಬೇರೆ. ವೈರಸ್ ತಾಯಿಯ ದೇಹದ ಮೂಲಕವೇ ಮಗುವಿಗೆ ಹೋಯಿತು, ನಿಜ. ಆದರೆ ಅರಿವೂ ಒಪ್ಪಿಗೆಯೂ ಇಲ್ಲದೆ ಪಾಪವಿಲ್ಲ ಎಂಬುದು ಧರ್ಮಸಭೆಯ ಹಳೆಯ ಬೋಧನೆ. ಮೊದಲ ವಾರಗಳಲ್ಲಿ ಆ ಹೆಣ್ಣುಮಗಳಿಗೆ ತಾನು ಬಸುರಿ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮೈಯಲ್ಲಿ ವೈರಸ್ ಇದೆ ಎಂಬುದಂತೂ ಗೊತ್ತೇ ಇರುವುದಿಲ್ಲ. ಎರಡೂ ತಿಳಿಯದವಳನ್ನು ದೋಷಿ ಎನ್ನುವುದು ಹೇಗೆ?

ಹಾಗಾದರೆ ಯಾರದೂ ತಪ್ಪಿಲ್ಲವೆಂದು ಕೈತೊಳೆದುಕೊಳ್ಳೋಣವೇ? ಇಲ್ಲಿ ನೀತಿಶಾಸ್ತ್ರದ ಇನ್ನೊಂದು ಮಾತನ್ನು ನೆನೆಯಬೇಕು. ಅಜ್ಞಾನದಲ್ಲಿ ಎರಡು ಬಗೆ: ನೀಗಿಸಿಕೊಳ್ಳಲಾಗದ್ದು ಒಂದು, ಮನಸ್ಸು ಮಾಡಿದರೆ ನೀಗಿಸಿಕೊಳ್ಳಬಹುದಾದದ್ದು ಇನ್ನೊಂದು. ಮೊದಲನೆಯದು ದೋಷವನ್ನು ಕಳೆಯುತ್ತದೆ, ಎರಡನೆಯದು ಕಳೆಯದು. ತಾಯಿಯ ಅಜ್ಞಾನ ಮೊದಲ ಬಗೆಯದು. ನಮ್ಮದೋ? ಲಸಿಕೆಯ ವಿಷಯ ಆಶಾ ಕಾರ್ಯಕರ್ತೆ ಮನೆಗೇ ಬಂದು ಹೇಳುತ್ತಾರೆ, ಶಾಲೆಯಲ್ಲೂ ಹೇಳುತ್ತಾರೆ. ಕೇಳದಿರುವುದು ನಮ್ಮ ಆಯ್ಕೆ. ತಾಯಿಯನ್ನು ಕಟಕಟೆಗೆ ಹತ್ತಿಸುವುದರಲ್ಲಿ ಊರಿಗೊಂದು ಅನುಕೂಲವಿದೆ: ಆಮೇಲೆ ಉಳಿದವರನ್ನು ಯಾರೂ ಪ್ರಶ್ನಿಸುವುದಿಲ್ಲ.

ಉಳಿದವರ ಪಾಲು ಏನೆಂದು ನೋಡಿ. ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಾಗಲಿ, ಸಿಂಧನೂರಿನ ಕ್ಯಾಂಪುಗಳಲ್ಲಾಗಲಿ, ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಲ್ಲಾಗಲಿ, ನಳ ಬಂದ ದಿನ ನೀರು ತುಂಬಿಟ್ಟುಕೊಳ್ಳದ ಮನೆ ಅಪರೂಪ. ಝೀಕಾ, ಡೆಂಗಿಗಳನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ; ಕಚ್ಚುವುದು ಹಗಲಿನಲ್ಲಿ. ಒಬ್ಬರ ಮನೆಯ ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆ ಪಕ್ಕದ ಮನೆಯ ಬಸುರಿಯನ್ನು ಕಚ್ಚುತ್ತದೆ. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದುಮಾಡಿ, ತಿಕ್ಕಿ ತೊಳೆದು, ಮುಚ್ಚಿಡುವುದು ಹಾಗಾಗಿ ಬರಿಯ ಶುಚಿತ್ವವಲ್ಲ, ಅದು ನೆರೆಯವರ ಪ್ರೀತಿ. ಗಂಡನಿಗೆ ತಗುಲಿದ ಝೀಕಾ ದಾಂಪತ್ಯ ಸಂಬಂಧದ ಮೂಲಕವೂ ಹೆಂಡತಿಗೆ ದಾಟಬಲ್ಲದು. ರೋಗವಿರುವ ಊರಿನಲ್ಲಿ ಹೆರಿಗೆಯವರೆಗೆ ಸಂಯಮದಿಂದಿರುವುದು ಗಂಡನ ಪಾಲಿನ ಕರ್ತವ್ಯ.

ರುಬೆಲ್ಲಾಕ್ಕೆ ಲಸಿಕೆಯೇ ಇದೆ. ದಡಾರ–ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಕೂಸಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ ಇನ್ನೊಮ್ಮೆ ಈ ಚುಚ್ಚುಮದ್ದು ಕೊಡುತ್ತಾರೆ. ಬಸುರಿಯಾದ ಮೇಲೆ ಇದನ್ನು ಕೊಡುವಂತಿಲ್ಲ. ಗಂಡುಮಕ್ಕಳಿಗೇಕೆ ಎಂದು ಕೆಲವರು ಕೇಳುತ್ತಾರೆ. ಹುಡುಗನಿಗೆ ರುಬೆಲ್ಲಾದಿಂದ ದೊಡ್ಡ ಅಪಾಯ ಬಹಳ ಅಪರೂಪ, ನಿಜ. ಅವನು ತೋಳು ಚಾಚುವುದು ಮುಖ್ಯವಾಗಿ ತನಗಾಗಿ ಅಲ್ಲ, ಎಂದೂ ನೋಡದ ಯಾವುದೋ ತಾಯಿಯ ಹೊಟ್ಟೆಯಲ್ಲಿರುವ, ಹೆಸರೂ ಇಲ್ಲದ ಮಗುವಿಗಾಗಿ. ಪರಸ್ಪರ ಪ್ರೀತಿಯ ಪಾಠವನ್ನು ಇದಕ್ಕಿಂತ ಸರಳವಾಗಿ ಕಲಿಸುವುದು ಕಷ್ಟ.

ಒಂದು ಸಂಶಯವನ್ನು ಮುಚ್ಚಿಡಬಾರದು. ಈ ಲಸಿಕೆಯ ವೈರಸ್ಸನ್ನು ಬೆಳೆಸುವ ಮಾನವ ಜೀವಕೋಶಗಳ ಮೂಲ 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣ. ಹಾಗಿದ್ದರೆ ನಾವು ಅದನ್ನು ತೆಗೆದುಕೊಳ್ಳಬಹುದೇ? ವ್ಯಾಟಿಕನ್ನಿನ ಜೀವಪರ ಅಕಾಡೆಮಿ 2005ರಲ್ಲಿ ಈ ಪ್ರಶ್ನೆಯನ್ನು ವಿಚಾರಿಸಿತು. ಬೇರೆ ಲಸಿಕೆ ಇಲ್ಲದಿರುವಾಗ, ಮಕ್ಕಳ ಮತ್ತು ಗರ್ಭಿಣಿಯರ ರಕ್ಷಣೆಗಾಗಿ ಇದನ್ನು ಬಳಸಬಹುದು; ಆ ಹಳೆಯ ಕೃತ್ಯಕ್ಕೆ ಹೆತ್ತವರ ಸಂಬಂಧ ಬಹಳ ದೂರದ್ದು; ಆದರೆ ಕಳಂಕವಿಲ್ಲದ ಲಸಿಕೆಗಾಗಿ ಒತ್ತಾಯಿಸುತ್ತಲೇ ಇರಬೇಕು ಎಂದು ಅದು ಹೇಳಿತು. ಅಂದು ಒಂದು ಮಗುವಿಗೆ ಅನ್ಯಾಯವಾಯಿತೆಂದು ಇಂದಿನ ಮಕ್ಕಳನ್ನು ಕುರುಡುತನಕ್ಕೆ ಒಪ್ಪಿಸುವುದು ಆ ಮಗುವಿಗೆ ಸಲ್ಲಿಸುವ ಗೌರವವಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದು ಮನೆಗೆ ಈ ಕಷ್ಟ ಬರಬಹುದು. ಆಗ ಗರ್ಭವನ್ನು ತೆಗೆಸಿಬಿಡಿ ಎಂಬ ಮಾತು ಬೇಗ ಬರುತ್ತದೆ. ಕಾಯಿದೆಯೂ ಕೆಲವು ಸಂದರ್ಭಗಳಲ್ಲಿ ಅದಕ್ಕೆ ಅವಕಾಶ ಕೊಡುತ್ತದೆ. ಧರ್ಮಸಭೆ ಬೇಡವೆನ್ನುತ್ತದೆ, ಏಕೆಂದರೆ ರೋಗ ಬಂದದ್ದರಿಂದ ಮಗು ಮಗುವಾಗದೆ ಹೋಗುವುದಿಲ್ಲ. ಆದರೆ ಬೇಡವೆಂದು ಹೇಳಿದ ನಮಗೆ ಅಲ್ಲಿಂದಲೇ ಸಾಲ ಶುರುವಾಗುತ್ತದೆ. ಕಣ್ಣಿನ ಪೊರೆಗೆ ಬೇಗ ಶಸ್ತ್ರಚಿಕಿತ್ಸೆ ಬೇಕು, ಕಿವಿಗೆ ಯಂತ್ರ ಬೇಕು, ಹೃದಯದ ತಪಾಸಣೆ ಬೇಕು, ರಾಯಚೂರಿಗೂ ಬೆಂಗಳೂರಿಗೂ ಓಡಾಡಲು ಜೊತೆಗೊಬ್ಬರು ಬೇಕು, ಕೂಲಿ ತಪ್ಪಿದ ದಿನ ಮನೆಗೆ ಜೋಳ ಬೇಕು. ಹೆರು ಎಂದ ಸಮುದಾಯ ಹೊರಲೂ ಬರಬೇಕು. ಬರದಿದ್ದರೆ ನಮ್ಮ ಬೋಧನೆ ಆ ತಾಯಿಯ ತಲೆಯ ಮೇಲೆ ಇನ್ನೊಂದು ಹೊರೆ.

ರುಬೆಲ್ಲಾದ ಗುಟ್ಟು ಜಗತ್ತಿಗೆ ತಿಳಿದದ್ದು ತಾಯಂದಿರಿಂದಲೇ ಎಂಬುದನ್ನು ನೆನಪಿಡಿ. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರು, ಪೊರೆಗಣ್ಣಿನ ಕೂಸುಗಳನ್ನು ಹೊತ್ತು ಬಂದ ತಾಯಂದಿರ ಮಾತಿಗೆ ಕಿವಿಗೊಟ್ಟರು. ಬಸುರಿನ ಆರಂಭದಲ್ಲಿ ತಮಗೆ ಜರ್ಮನ್ ದಡಾರ ಬಂದಿತ್ತೆಂದು ಬಹುಮಂದಿ ಹೇಳಿದರು. ಆ ತಾಯಂದಿರು ಹಳಿಕೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಆ ಗುಟ್ಟು ಇನ್ನೆಷ್ಟು ಕಾಲ ಮರೆಯಾಗಿರುತ್ತಿತ್ತೋ!

ಆದ್ದರಿಂದ ಅತ್ತೆಯರೇ, ಗಂಡಂದಿರೇ, ನೆರೆಹೊರೆಯವರೇ, ಮುಂದೆ ಇಂಥ ಕೂಸಿನ ತೊಟ್ಟಿಲ ಬಳಿ ನಿಂತಾಗ ನಾಲಿಗೆಯ ತುದಿಗೆ ಬರುವ ಆ ಹಳೆಯ ಪ್ರಶ್ನೆಯನ್ನು ನುಂಗಿಕೊಳ್ಳಿ. “ಆಸ್ಪತ್ರೆಗೆ ಯಾವತ್ತು ಹೋಗಬೇಕವ್ವಾ? ನಾನೂ ಬರ್ತೀನಿ” ಎಂದು ಕೇಳಿ.