ಅಸಲೂ ತತ್ವವೂ

ಇಂಗ್ಲಿಷು ಭಾಷೆಯಲ್ಲಿ ಉಚ್ಚಾರದಿಂದ ಒಂದೇ ಆಗಿದ್ದು, ಬರಹದ ಕೊನೆಯಲ್ಲಿ ಮಾತ್ರ ತುಸು ಬೇರೆಯಾಗಿರುವ ಎರಡು ನಾಮಪದಗಳುಂಟು. ನಮ್ಮ ಲಿಪಿಯಲ್ಲಿ ಎರಡನ್ನೂ 'ಪ್ರಿನ್ಸಿಪಲ್' ಎಂದೇ ಬರೆಯಬೇಕಾಗುವದು. ಒಂದಕ್ಕೆ ಸಾಲದ ಅಸಲು ಎಂದೂ ಕಾಲೇಜಿನ ಮುಖ್ಯಸ್ಥನೆಂದೂ ಅರ್ಥ. ಇನ್ನೊಂದಕ್ಕೆ ಮನುಷ್ಯನು ಬಿಡದೆ ಹಿಡಿದು ನಡೆಯತಕ್ಕ ತತ್ವವೆಂದು ಅರ್ಥ. ಇವೆರಡೂ 'ಮೊದಲನೆಯದು' ಎಂಬರ್ಥವುಳ್ಳ ಲ್ಯಾಟಿನ್ ಮಾತಿನಿಂದ ಹುಟ್ಟಿದವು. ನಮ್ಮಲ್ಲಿಯೂ ಮೂಲಧನ, ಮೂಲತತ್ವ ಎಂಬವು ಒಂದೇ ಬೇರಿನ ಮಾತುಗಳು. ಹಾಗಾದರೆ ಇವುಗಳಲ್ಲಿ ನಿಜವಾಗಿ ಮೊದಲನೆಯದು ಯಾವದು?

ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದ್ದೆಂದು ವಾಚಕರು ಎಣಿಸಬಾರದು. ಕಳಸದ ಕಡೆಯ ಕಾಫಿ ತೋಟವೊಂದಕ್ಕೆ ಕೊಯ್ಲಿನ ಕಾಲದಲ್ಲಿ ಬಂದ ಕೂಲಿಯವನೊಬ್ಬನು ಮೇಸ್ತ್ರಿಯ ಕೈಯಿಂದ 10,000 ರೂಪಾಯಿ ಮುಂಗಡ ಪಡೆದನೆಂದು ನೆನಸೋಣ. ವಾರವಾರದ ಬಟವಾಡೆಯಲ್ಲಿ 1,000 ರೂಪಾಯಿ ಮುರಿದುಕೊಂಡರೆ ಎಂಟು ವಾರಗಳಾದ ಮೇಲೆ 2,000 ಉಳಿಯುವದು. ಅಷ್ಟರಲ್ಲಿ ಊರಿನಿಂದ ತಾಯಿಯು ಹಾಸಿಗೆ ಹಿಡಿದಳೆಂಬ ಸುದ್ದಿ ಬರುವದು. "ಬಾಕಿ ತೀರಿಸದೆ ತೋಟ ಬಿಡಕೂಡದು" ಎಂದು ಮೇಸ್ತ್ರಿಯು ತಡೆದರೆ, ಅವನ ಲೆಕ್ಕವು ಸರಿಯಾಗಿದ್ದರೂ ನಡತೆಯು ಸರಿಯೋ? ಅಲ್ಲ. ಬಾಕಿಯಾಗಿರುವದು ಹಣವೇ ಹೊರತು ಮನುಷ್ಯನಲ್ಲ.

ಮುಂಗಡವೆಲ್ಲವೂ ಜೀತವಲ್ಲ. ಆದರೆ ಅದನ್ನು ನೆವಮಾಡಿಕೊಂಡು ಒಬ್ಬನನ್ನು ದುಡಿಮೆಗೆ ಕಟ್ಟಿಹಾಕಿ ಬೇರೆಲ್ಲಿಗೂ ಹೋಗಗೊಡದಿದ್ದರೆ ಅದು ಜೀತವೇ ಆಗುವದು. 1976ನೆಯ ಇಸವಿಯ ಭಾರತದ ಕಾನೂನು ಜೀತಗಾರರನ್ನು ಬಿಡಿಸಿದ್ದಲ್ಲದೆ, ಜೀತದ ಸಾಲವನ್ನು ತೀರಿಸುವ ಹೊಣೆಯನ್ನೇ ಅಳಿಸಿಹಾಕಿತು. ತತ್ವಕ್ಕೋಸ್ಕರ ಅಸಲೇ ಹೋಯಿತು. "ಹಣ ಕೊಟ್ಟವನಿಗೆ ಇದು ಅನ್ಯಾಯವಲ್ಲವೇ?" ಎಂದು ಕೆಲವರು ಕೇಳುವರು. ಒತ್ತೆಯಿಡಬಾರದ ಮನುಷ್ಯನನ್ನು ಒತ್ತೆ ಹಿಡಿದವನು ತನ್ನ ಅಸಲನ್ನು ಕಳಕೊಂಡದ್ದು ನ್ಯಾಯವೇ ಸರಿ.

ಆದರೂ ತತ್ವವು ಕೊಟ್ಟವನಿಗೆ ಮಾತ್ರ ಸೇರಿದ್ದಲ್ಲ. ಮೇಸ್ತ್ರಿಯು ನಂಬಿಕೆಯಿಂದ, "ಹೋಗಿ ತಾಯಿಯನ್ನು ನೋಡಿಕೊಂಡು ಬಾ, ಬಾಕಿಯನ್ನು ಆಮೇಲೆ ನೋಡೋಣ" ಎಂದು ಕಳುಹಿಸಿದ ಮೇಲೆ, ಆ ಕೂಲಿಯವನು ಮುಂದಿನ ವರುಷ ಬೇರೆ ತೋಟಕ್ಕೆ ಹೋಗಿ ಮುಖ ಮರೆಸಿಕೊಂಡರೆ ಅದೂ ತಪ್ಪೇ. ಬಡತನವು ದುಡ್ಡು ಕೊಡುವದನ್ನು ತಡಮಾಡಿಸಬಹುದು, ಸುಳ್ಳನ್ನು ಸತ್ಯಮಾಡಲಾರದು.

ಅಸಲು ಕೊಟ್ಟಷ್ಟೂ ಕರಗುವದು. ಕೊನೆಗೆ ಚೀಟಿಯನ್ನು ಹರಿದುಹಾಕಬಹುದು. ಕೊಟ್ಟವನು ಮನಸ್ಸುಮಾಡಿದರೆ ಅದನ್ನು ಮಾಫಿಯೂ ಮಾಡಬಹುದು. ತತ್ವವಾದರೋ ಎಷ್ಟು ನಡಿಸಿದರೂ ತೀರದು, ಮಾಫಿ ಮಾಡುವದಕ್ಕೆ ಯಾರಿಗೂ ಅಧಿಕಾರವಿಲ್ಲ. ನಮ್ಮಲ್ಲಿ ಮೇಸ್ತ್ರಿಗಳೂ ಇದ್ದಾರೆ, ಕೂಲಿಯವರೂ ಇದ್ದಾರೆ. ಆದಕಾರಣ ಮುಂದಿನ ಬಟವಾಡೆಯ ದಿನ ಲೆಕ್ಕದ ಪುಸ್ತಕವನ್ನು ತೆರೆಯುವ ಮುಂಚೆ, ಎರಡು ಕಡೆಯವರೂ ಎದುರಿಗೆ ನಿಂತವನ ಮುಖವನ್ನು ಒಮ್ಮೆ ನೋಡೋಣ.