ಮೇಳ ಬಿಟ್ಟವನ ಹಾಡು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಲ್ಲಿ ಭಜನೆ ಕೇಳದೆ ಬೆಳೆದವರು ವಿರಳ. ಒಬ್ಬನು ಸೊಲ್ಲು ಎತ್ತುತ್ತಾನೆ. ಉಳಿದವರು ಅದನ್ನೇ ಮರಳಿ ಹಾಡುತ್ತಾರೆ. ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮೇಳವು ಹಾಡನ್ನು ಎತ್ತಿಹಿಡಿಯುತ್ತದೆ. ಇಂಥ ಮೇಳದಿಂದ ಒಳ್ಳೆಯ ಕಂಠದವನೊಬ್ಬ ‘ಇನ್ನು ನಾನೊಬ್ಬನೇ ಹಾಡುತ್ತೇನೆ’ ಎಂದು ಎದ್ದು ಹೋದರೆ ನಾವು ಏನೆನ್ನುತ್ತೇವೆ? ‘ಹತ್ತಿದ ಏಣಿಯನ್ನೇ ಒದ್ದ’ ಎನ್ನುತ್ತೇವೆ. ಈ ಮಾತು ಯಾವಾಗಲೂ ನ್ಯಾಯವೇ?

ಕನ್ನಡಿಗರಿಗೆ ಪರಿಚಿತರಾದ ಗಾಯಕ ರಘು ದೀಕ್ಷಿತ್ ಅವರ ಉದಾಹರಣೆಯನ್ನು ನೋಡೋಣ. ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರವನ್ನೂ ಭರತನಾಟ್ಯವನ್ನೂ ಕಲಿತ ಅವರು, 1990ರ ದಶಕದ ಕೊನೆಯಲ್ಲಿ ಗೆಳೆಯರೊಡನೆ ‘ಅಂತರಾಗ್ನಿ’ ಎಂಬ ವಾದ್ಯವೃಂದವನ್ನು ಕಟ್ಟಿದರು. 2005ರ ಸುಮಾರಿಗೆ ಆ ವೃಂದ ಒಡೆಯಿತು. ಅವರ ಮೊದಲ ಆಲ್ಬಮ್ ಹೊರಬಂದದ್ದು 2008ರಲ್ಲಿ, ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಸಂಸ್ಥೆಯಿಂದ. ಗೆಳೆಯರ ನಡುವಿನ ನ್ಯಾಯವನ್ನು ಹೊರಗಿನವರಾದ ನಾವು ತೀರ್ಮಾನಿಸಬೇಕಿಲ್ಲ. ಆದರೆ ಆ ಆಲ್ಬಮ್‌ನಲ್ಲಿ ಮೂರು ಸಂಗತಿಗಳು ನನ್ನ ಗಮನ ಸೆಳೆಯುತ್ತವೆ.

ಮೊದಲನೆಯದಾಗಿ, ಅದು ‘ಅಂತರಾಗ್ನಿ’ ಎಂಬ ಹಳೆಯ ಹೆಸರನ್ನೇ ಹೊತ್ತಿದೆ. ಎರಡನೆಯದಾಗಿ, ಅದರಲ್ಲಿ ಶಿಶುನಾಳ ಷರೀಫರ ತತ್ವಪದಗಳಿವೆ. 1819ರಿಂದ 1889ರವರೆಗೆ ಬಾಳಿದ ಷರೀಫರ ಪದಗಳು ನಮ್ಮವರೆಗೆ ಬಂದದ್ದು ಊರೂರಿನ ಹಾಡುಗಾರರ ಬಾಯಿಂದ ಬಾಯಿಗೆ ಸಾಗಿ. ಷರೀಫರಾದರೂ ಗುರು ಗೋವಿಂದಭಟ್ಟರ ಋಣವನ್ನು ಮರೆತವರಲ್ಲ. ಮೂರನೆಯದಾಗಿ, ಒಂಟಿಯಾಗಿ ಹೊರಟ ಈ ಗಾಯಕರು ಮತ್ತೆ ವಾದಕರನ್ನು ಕೂಡಿಸಿಕೊಂಡು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೊಸ ಮೇಳವನ್ನೇ ಕಟ್ಟಬೇಕಾಯಿತು. ಅಂದಮೇಲೆ, ಹೆಸರು ಒಬ್ಬನದಾದರೂ ಹಾಡು ಒಬ್ಬನದಲ್ಲ.

ಹೀಗಿರುವಾಗ ಬಿಟ್ಟು ಹೋಗುವುದೇ ದ್ರೋಹವೆನ್ನಲಾಗದು. ಸಂತ ಪೌಲ ಮತ್ತು ಬಾರ್ನಬರು ತೀವ್ರ ಭಿನ್ನಾಭಿಪ್ರಾಯದಿಂದ ಬೇರೆಯಾದರೆಂದು ಪ್ರೇಷಿತರ ಕಾರ್ಯಕಲಾಪಗಳು ಮುಚ್ಚುಮರೆಯಿಲ್ಲದೆ ತಿಳಿಸುತ್ತವೆ. ಆ ಜಗಳಕ್ಕೆ ಕಾರಣನಾದ ಮಾರ್ಕನನ್ನೇ ಪೌಲನು ಮುಂದೊಂದು ದಿನ ತನ್ನ ಬಳಿಗೆ ಕರೆಸಿಕೊಳ್ಳಬಯಸಿದನು.

ಹೊರಡುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಒಪ್ಪಿಕೊಂಡ ಕೆಲಸವನ್ನು ಮುಗಿಸಿದ್ದೇನೆಯೇ? ಎಲ್ಲರೂ ಕೂಡಿ ಗಳಿಸಿದ್ದನ್ನು ನನ್ನೊಬ್ಬನದೆಂದು ಹೇಳಿಕೊಳ್ಳುತ್ತಿದ್ದೇನೆಯೇ? ನನ್ನ ಉಸಿರು ನಿಂತಾಗ ಹಾಡನ್ನು ಹಿಡಿದವರ ಹೆಸರು ನನಗೆ ನೆನಪಿದೆಯೇ?

ಉಳಿದವರಿಗೂ ಪ್ರಶ್ನೆಯಿದೆ. ನಾವು ಕಲಿಸಿದೆವೆಂಬ ಮಾತ್ರಕ್ಕೆ ಅವನ ಕಂಠ ನಮ್ಮ ಸ್ವತ್ತಾದೀತೇ? ಅವನು ಬೆಳೆಯಲೆಂದು ಕಲಿಸಿದೆವೋ, ನಮ್ಮ ಹಿಡಿತದಲ್ಲಿ ಇರಲೆಂದು ಕಲಿಸಿದೆವೋ? ಅಣ್ಣತಮ್ಮಂದಿರು ಬೇರೆ ಒಲೆ ಹೂಡುವಾಗ, ಕೆಲಸ ಕಲಿತ ಹುಡುಗ ಸ್ವಂತ ಅಂಗಡಿ ತೆರೆಯುವಾಗ, ನಮ್ಮ ಧರ್ಮಕೇಂದ್ರದ ಗಾನವೃಂದದಿಂದ ಒಬ್ಬಳು ಹೊರನಡೆದಾಗ ಏಳುವುದೂ ಇದೇ ಪ್ರಶ್ನೆ. ಇಂಥ ಸಂದರ್ಭಗಳಲ್ಲಿ ಆಡಿದ ಒಂದು ಕಟುಮಾತು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮಾತು ನಿಲ್ಲಿಸಿದೆ.

ನಮ್ಮ ಸೀಮೆಯ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜದ ತುಂಡನ್ನು ಕಬ್ಬಿನಿಂದ ಕಡಿದು ಬೇರೆ ಹೊಲದಲ್ಲಿ ನೆಡುತ್ತಾರೆ, ಅದು ಚಿಗುರುತ್ತದೆ. ಕಡಿದ ಬುಡವೂ ಸುಮ್ಮನಿರದೆ ಕೂಳೆಯಾಗಿ ಮತ್ತೆ ಚಿಗುರುತ್ತದೆ. ಎರಡಕ್ಕೂ ನೀರು ಬೇಕು, ಅಷ್ಟೇ.

ಆದ್ದರಿಂದ, ಸಹೋದರ ಸಹೋದರಿಯರೇ, ನಿಮ್ಮ ಮೇಳವನ್ನು ಬಿಟ್ಟು ಹೋದವರು ಯಾರಾದರೂ ಇದ್ದರೆ, ತೀರ್ಪು ಕೊಡುವ ಮುನ್ನ ಒಮ್ಮೆ ಹೋಗಿ ಅವರ ಹಾಡನ್ನು ಕೇಳಿ ಬನ್ನಿ. ಬಿಟ್ಟು ಬಂದವರು ನೀವೇ ಆಗಿದ್ದರೆ, ಹಳೆಯ ಮೇಳದವರನ್ನು ನೀವೇ ಮೊದಲು ಕರೆಯಿರಿ.