ಈ ಹುಲ್ಲನ್ನು ಯಾರು ತೆಗೆಯಬೇಕು?

ಸೆಪ್ಟೆಂಬರ್ ತಿಂಗಳ ಕೊನೆಗೆ ಮಳೆ ತುಸು ಬಿಡುವು ಕೊಟ್ಟಾಗ ನಮ್ಮ ಕರಾವಳಿಯ ಮನೆಮನೆಗಳಲ್ಲೂ ಒಂದು ಪ್ರಶ್ನೆ ತಲೆಯೆತ್ತುತ್ತದೆ. ಅಂಗಳದ ಅಂಚು, ತೆಂಗಿನ ಬುಡ, ಬಾವಿಯ ಸುತ್ತು, ಗೇಟಿನಿಂದ ಮನೆಯವರೆಗಿನ ದಾರಿಯ ಇಕ್ಕೆಲ, ಎಲ್ಲವೂ ಮೊಣಕಾಲುದ್ದದ ಹುಲ್ಲಿನಿಂದ ಮುಚ್ಚಿಹೋಗಿರುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ ಹುಲ್ಲಿಗೆ ಯಾರೂ ಗೊಬ್ಬರ ಹಾಕಬೇಕಾಗಿಲ್ಲ. ಗರಿಕೆಯ ನಡುವೆ ನಾಚಿಕೆ ಮುಳ್ಳು ಹಬ್ಬಿರುತ್ತದೆ. ಅದರೊಳಗೆ ಹಾವಿದ್ದೀತೆಂದು ತಾಯಂದಿರು ಮಕ್ಕಳನ್ನು ಹೊರಗೆ ಬಿಡಲು ಅಂಜುತ್ತಾರೆ. ಆಗ ಮನೆಯಲ್ಲಿ ಮಾತು ಬರುತ್ತದೆ: ನಾವೇ ಕತ್ತಿ ಹಿಡಿಯೋಣವೇ, ಇಲ್ಲ ಮೆಷಿನ್‌ನವನಿಗೆ ಫೋನ್ ಮಾಡೋಣವೇ?

ಇದೂ ಒಂದು ನೈತಿಕ ಪ್ರಶ್ನೆಯೇ ಎಂದು ನೀವು ನಗಬಹುದು. ಹಣವಿದ್ದವನು ಆಳನ್ನು ಕರೆಯುತ್ತಾನೆ, ಇಲ್ಲದವನು ತಾನೇ ಮಾಡಿಕೊಳ್ಳುತ್ತಾನೆ, ಇಷ್ಟರಲ್ಲಿ ಧರ್ಮಾಧರ್ಮಗಳ ವಿಚಾರ ಎಲ್ಲಿಂದ ಬಂತು? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಮುಂಬಯಿಯಲ್ಲಿ ದುಡಿದು, ನಿವೃತ್ತನಾಗಿ ಊರಿಗೆ ಮರಳಿ, ತಂದೆಯವರ ಮನೆಯ ಅಂಗಳದಲ್ಲಿ ನಿಂತಾಗಲೇ ಆ ತಿಳಿವಳಿಕೆ ಅಲುಗಾಡತೊಡಗಿತು.

ನಮ್ಮ ಬಾಲ್ಯದಲ್ಲಿ ಈ ಪ್ರಶ್ನೆ ಇರಲಿಲ್ಲವೆಂಬುದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಲ್ಲರು. ಹಟ್ಟಿಯಲ್ಲಿ ಹಸು ಇತ್ತು; ಆದ್ದರಿಂದ ಹುಲ್ಲು ಕಸವಾಗಿರಲಿಲ್ಲ, ಸಂಪತ್ತಾಗಿತ್ತು. ಬೆಳಗಿನ ಬಲಿಪೂಜೆಗೆ ಹೋಗುವ ಮೊದಲೇ ಅಮ್ಮ ಒಂದು ಹೊರೆ ಹುಲ್ಲು ಹೆರೆದು ತರುತ್ತಿದ್ದಳು. ನೆರೆಯವರು ನಮ್ಮ ಗುಡ್ಡೆಯ ಹುಲ್ಲನ್ನು ಕೊಯ್ಯಲು ಅನುಮತಿ ಕೇಳಿಕೊಂಡು ಬರುತ್ತಿದ್ದರು. ಹಟ್ಟಿ ಬರಿದಾದ ಮೇಲೆ ಅದೇ ಹುಲ್ಲನ್ನು ತೆಗೆಸಲು ನಾವು ಹಣ ಕೊಡುವಂತಾಯಿತು.

ಆದರೆ ಆ ಕಾಲವನ್ನು ಬರಿಯ ಸೊಬಗಿನದೆಂದು ಹೇಳಿದರೆ ಅದು ಅರ್ಧ ಸತ್ಯವಾದೀತು. 1974ರ ಭೂಸುಧಾರಣೆಗೆ ಮುಂಚೆ ಧಣಿಗಳ ಮನೆಯ ಅಂಗಳವನ್ನು ಒಕ್ಕಲಿನವರು ಬಂದು ಹಸನು ಮಾಡಿಕೊಡುತ್ತಿದ್ದುದುಂಟು. ಅದಕ್ಕೆ ಕೂಲಿಯೆಂಬುದು ಅನೇಕ ಕಡೆ ಇರಲಿಲ್ಲ, ಅದು ಬಿಟ್ಟಿ. ಜೀತಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ. ಯಾರು ಬಗ್ಗಬೇಕು, ಯಾರು ಜಗಲಿಯ ಮೇಲೆ ನಿಂತು ನೋಡಬೇಕು ಎಂಬುದು ಹುಟ್ಟಿನಿಂದಲೇ ತೀರ್ಮಾನವಾಗಿದ್ದ ಆ ಬದುಕಿನ ಅಭ್ಯಾಸ ಕಾನೂನಿನೊಂದಿಗೆ ಅಳಿಯಲಿಲ್ಲ. ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಮೊಣಕಾಲೂರುವ ನಾವೂ ಇದಕ್ಕೆ ಹೊರತಲ್ಲ. ನಿವೃತ್ತ ಅಧಿಕಾರಿಯೊಬ್ಬನು ಕತ್ತಿ ಹಿಡಿದು ಬೇಲಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರೆ, ದಾರಿಹೋಕರು ಮೊದಲು ಕೇಳುವುದು, "ಏನು, ಆಳು ಸಿಗಲಿಲ್ಲವೇ?" ಎಂದು. ಆ ಮಾತಿನಲ್ಲಿ ಕನಿಕರವಿದೆ. ಕನಿಕರ ಯಾತಕ್ಕೆ ಎಂದು ನಾನು ಯೋಚಿಸಿದ್ದೇನೆ.

ಪವಿತ್ರ ಗ್ರಂಥದ ಮೊದಲ ಪುಟಗಳಲ್ಲಿಯೇ ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಲು, ಕಾಯಲು ಎಂದಿದೆ. ಪಾಪ ಇನ್ನೂ ಪ್ರವೇಶಿಸಿರಲಿಲ್ಲ. ಅಂದರೆ ದುಡಿಮೆ ಶಿಕ್ಷೆಯಾಗಿ ಬಂದದ್ದಲ್ಲ. ಮುಳ್ಳು ಕಳೆಗಳೂ ಬೆವರೂ ಅನಂತರ ಬಂದವು. ಸಂತ ಪೌಲರು ಡೇರೆ ಹೊಲಿಯುತ್ತಿದ್ದರು. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಸನ್ಯಾಸಿಗಳ ಕೈದುಡಿಮೆಗೆ ಗಂಟೆಗಳನ್ನೇ ಗೊತ್ತುಪಡಿಸಿದರು. ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಪದಕ್ಕೆ ಕೊಟ್ಟ ತೂಕ ನಿಮಗೆಲ್ಲ ಗೊತ್ತಿರುವುದೇ. ಇಷ್ಟನ್ನೆಲ್ಲ ಓದಿ ಉತ್ಸಾಹಗೊಂಡು, ಇನ್ನು ಅಂಗಳದ ಹುಲ್ಲನ್ನು ನಾನೇ ತೆಗೆಯುತ್ತೇನೆಂದು ಮನೆಯಲ್ಲಿ ಸಾರಿದೆ. ಮೂರನೆಯ ದಿನ ಸೊಂಟ ಹಿಡಿಯಿತು. ಮೆಷಿನ್‌ನವನಿಗೆ ನನ್ನ ಹೆಂಡತಿಯೇ ಫೋನ್ ಮಾಡಿದಳು.

ಬಂದವನು ಉತ್ತರ ಕರ್ನಾಟಕದ ಕಡೆಯ ಯುವಕ. ಹೆಗಲಿಗೆ ಪಟ್ಟಿ ಕಟ್ಟಿ ಆ ಯಂತ್ರವನ್ನು ತೂಗುಹಾಕಿಕೊಂಡಿದ್ದ. ಅದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಸಣ್ಣ ಇಂಜಿನು, ಉದ್ದನೆಯ ಕೊಳವೆ, ತುದಿಯಲ್ಲಿ ಗಿರ್ರನೆ ತಿರುಗುವ ಅಲಗು ಅಥವಾ ನೈಲಾನ್ ದಾರ. ನಾನು ಮೂರು ದಿನದಲ್ಲಿ ಮಾಡಲಾರದ್ದನ್ನು ಅವನು ಒಂದೂವರೆ ಗಂಟೆಯಲ್ಲಿ ಮುಗಿಸಿಬಿಡುತ್ತಾನೆ. ಆದರೆ ಹುಲ್ಲಿನಲ್ಲಿ ಅಡಗಿದ ಕಲ್ಲು ಗುಂಡಿನಂತೆ ಸಿಡಿಯುತ್ತದೆ. ಇಂಜಿನಿನ ಕಂಪನದಿಂದ ಸಂಜೆಯವರೆಗೂ ಕೈಬೆರಳುಗಳು ಜೋಮು ಹಿಡಿದಂತಿರುತ್ತವೆ. ಬರಿಗಾಲಿನಲ್ಲಿ ಕೆಸರು ತುಳಿದರೆ ಇಲಿಜ್ವರದ ಭಯ ಬೇರೆ. ಅವನ ಕಣ್ಣಿಗೆ ಕನ್ನಡಕವಿರಲಿಲ್ಲ. ಕಾಲಿಗೆ ಹವಾಯಿ ಚಪ್ಪಲಿ.

ಅಂದು ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಗಂಟೆಯ ಲೆಕ್ಕದಲ್ಲಿ ಕೂಲಿ ಮಾತಾಗಿತ್ತು. ಒಂದು ಕಲ್ಲು ಸಿಡಿದು ಅವನ ಮೊಣಕಾಲ ಕೆಳಗೆ ಬಡಿಯಿತು, ರಕ್ತ ಬಂತು. ಅವನು ಕಾಲು ಗಂಟೆ ಮೆಟ್ಟಲಿನ ಮೇಲೆ ಕುಳಿತ. ಹಣ ಕೊಡುವಾಗ ನಾನು ಆ ಕಾಲು ಗಂಟೆಯನ್ನು ಕಳೆದೆ. ಅವನು ಎಣಿಸಿ ನೋಡಿದ, ಏನೂ ಹೇಳದೆ ಹೊರಟುಹೋದ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು, "ಅವನಿಗೆ ಎಷ್ಟು ಕೊಟ್ಟಿರಿ?" ನಾನು ಲೆಕ್ಕ ಹೇಳಿದೆ. ಅವಳು ಬಡಿಸುವುದನ್ನು ನಿಲ್ಲಿಸಿದಳು. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯದಲ್ಲಿ ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಬಾಯ್ತೆರೆದು ಕೂಗುವುದನ್ನು ನಾವು ದೇವಾಲಯದಲ್ಲಿ ಎಷ್ಟು ಸಲ ಕೇಳಿಲ್ಲ! ಹಿಡಿದಿಟ್ಟದ್ದು ಕಾಲು ಗಂಟೆಯದಾದರೂ ಅದು ಕೂಲಿಯೇ. ಮರುವಾರ ಅವನನ್ನು ಹುಡುಕಿ ಬಾಕಿ ಕೊಟ್ಟೆ. ಅವನು ತೆಗೆದುಕೊಂಡ. ಕ್ಷಮಿಸಿದನೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಹಾಗಾದರೆ ತಾನೇ ಮಾಡಿಕೊಳ್ಳುವವನು ಈ ಪಾಪದಿಂದ ಪಾರಾದನೇ? ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಹಿರಿಯರಿದ್ದಾರೆ. ಇಂದಿಗೂ ಆಳಿಗೆ ಒಂದು ಪೈಸೆ ಕೊಟ್ಟವನಲ್ಲ ತಾನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವರ ಅಂಗಳ ಕನ್ನಡಿಯಂತಿದೆ. ಆ ಮಾತನ್ನು ಕೇಳಿದಾಗಲೆಲ್ಲ ನನಗೆ ದ್ರಾಕ್ಷಿತೋಟದ ಯಜಮಾನ ನೆನಪಾಗುತ್ತಾನೆ. ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದಲ್ಲಿ ಅವನು ಹೊತ್ತು ಮುಳುಗಲು ಒಂದು ಗಂಟೆ ಇರುವಾಗಲೂ ಪೇಟೆಬೀದಿಗೆ ಹೋಗುತ್ತಾನೆ. ಆ ಒಂದು ಗಂಟೆಯಲ್ಲಿ ಮುಗಿಸಲೇಬೇಕಾದ ಕೆಲಸ ತೋಟದಲ್ಲಿ ಎಷ್ಟಿತ್ತೋ ತಿಳಿಯದು. ಯಾರೂ ಕರೆಯದೆ ನಿಂತಿದ್ದವರಂತೂ ಅಲ್ಲಿದ್ದರು. ಜಾನ್ ರಸ್ಕಿನ್ ತನ್ನ ಪ್ರಸಿದ್ಧ ಗ್ರಂಥಕ್ಕೆ ಈ ಸಾಮತಿಯಿಂದಲೇ ಹೆಸರನ್ನು ಎತ್ತಿಕೊಂಡನು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ರೈಲಿನಲ್ಲಿ ಹೋಗುತ್ತಾ ಅದನ್ನು ಓದಿದ ಗಾಂಧೀಜಿ ತಮ್ಮ ಬಾಳನ್ನೇ ಬದಲಿಸಿಕೊಂಡರು, ಅನಂತರ ಅದರ ಸಾರವನ್ನು ಗುಜರಾತಿಯಲ್ಲಿ 'ಸರ್ವೋದಯ' ಎಂಬ ಹೆಸರಿನಲ್ಲಿ ಬರೆದರು. ಪ್ರತಿಯೊಬ್ಬನೂ ತನ್ನ ಅನ್ನಕ್ಕಾಗಿ ಮೈ ದಣಿಸಬೇಕೆಂದು ಸಾರಿದವರೂ ಅವರೇ. ಒಂದೇ ಸಾಮತಿಯ ಬೇರಿನಿಂದ ಕೆಲಸ ಕೊಡುವ ಕರ್ತವ್ಯವೂ ತಾನೇ ದುಡಿಯುವ ಕರ್ತವ್ಯವೂ ಮೊಳೆತವೆಂಬುದು ನನಗೆ ಸೋಜಿಗದ ಸಂಗತಿ. ಕೆಲಸವೇ ಬದುಕಾಗಿರುವವನೊಬ್ಬ ಬೀದಿಯ ಕೊನೆಯಲ್ಲಿ ಕೈಕಟ್ಟಿ ಕುಳಿತಿರುವಾಗ ನನ್ನ ಸ್ವಾವಲಂಬನೆ ಎಷ್ಟರಮಟ್ಟಿಗೆ ಗುಣ, ಎಷ್ಟರಮಟ್ಟಿಗೆ ಜಿಪುಣತನ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು ಕೆಲವರು ಎರಡೂ ಬೇಡವೆಂದು ಕಳೆನಾಶಕ ಹೊಡೆಯುತ್ತಾರೆ. ಬಹುಬಳಕೆಯ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳದ್ದೆಂದು ವರ್ಗೀಕರಿಸಿದೆ. ಕೀಟನಿಯಂತ್ರಣದ ಕೆಲಸಗಾರರ ಹೊರತು ಬೇರಾರೂ ಅದನ್ನು ಸಿಂಪಡಿಸಬಾರದೆಂದು 2022ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಮಕ್ಕಳು ಆಡುವ ಅಂಗಳ, ಪಕ್ಕದಲ್ಲಿ ಬಾವಿ. ಹೆಚ್ಚು ಹೇಳಬೇಕಾಗಿಲ್ಲ.

ಅಂಗಳದ ವಿಷಯ ಇಷ್ಟರಲ್ಲೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನ್ಯಾಯವಾದ ಕೂಲಿ, ಕುಡಿಯಲು ನೀರು, ಕಣ್ಣಿಗೊಂದು ಕನ್ನಡಕ, ಹೆಸರು ಹಿಡಿದು ಕರೆಯುವ ಸೌಜನ್ಯ, ಇವಿಷ್ಟಿದ್ದರೆ ಕರೆಸಿ ಮಾಡಿಸುವುದರಲ್ಲಿ ತಪ್ಪಿಲ್ಲವೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ದುಡಿಮೆಯ ಬೆಲೆ ಇರುವುದು ಅದು ಎಂಥ ಕೆಲಸ ಎಂಬುದರಲ್ಲಲ್ಲ, ಅದನ್ನು ಮಾಡುವವನು ಮನುಷ್ಯ ಎಂಬುದರಲ್ಲಿ ಎಂಬುದು ಜಗದ್ಗುರು ಎರಡನೇ ಜಾನ್ ಪಾಲರು 1981ರಲ್ಲಿ ಬರೆದ ವಿಶ್ವಪತ್ರದ ತಿರುಳು. ಆ ನೆಲೆಯಿಂದ ನೋಡಿದರೂ ನನ್ನ ಸಮಾಧಾನ ತಪ್ಪೆನಿಸಲಿಲ್ಲ. ಆದರೆ ಅಕ್ಟೋಬರ್ ಮುಗಿಯುತ್ತಾ ಬಂತು. ನವೆಂಬರ್ 2, ಮೃತರೆಲ್ಲರ ಸ್ಮರಣೆಯ ದಿನ. ಅಂಗಳದ ಹುಲ್ಲಿಗೆ ಹೊಂದಿದ ಉತ್ತರ ಸಮಾಧಿಯ ಹುಲ್ಲಿಗೂ ಹೊಂದೀತೇ?

ಮುಂಬಯಿಯಲ್ಲಿದ್ದ ವರ್ಷಗಳಲ್ಲಿ ನಾನು ಪ್ರತಿ ಅಕ್ಟೋಬರ್‌ನಲ್ಲೂ ಹಣ ಕಳುಹಿಸುತ್ತಿದ್ದೆ. ಊರವರೆಲ್ಲ ಬಾಯಮ್ಮ ಎಂದು ಕರೆಯುವ ಹಿರಿಯ ಹೆಂಗಸೊಬ್ಬರು ನಮ್ಮ ತಂದೆತಾಯಿಯರ ಸಮಾಧಿಯನ್ನು ಹಸನು ಮಾಡಿ, ಅಂಚಿಗೆ ಸುಣ್ಣ ಬಳಿದು, ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಿದ್ದರು. ಗಲ್ಫಿನಲ್ಲಿರುವ, ಬೆಂಗಳೂರಿನಲ್ಲಿರುವ ಹಲವು ಮಕ್ಕಳ ಪರವಾಗಿ ಅವರು ಹೀಗೆ ದುಡಿಯುವವರು. ಊರಿಗೆ ಮರಳಿದ ವರ್ಷ ನಾನು ಅವರಿಗೆ ಹೇಳಿ ಕಳುಹಿಸಲಿಲ್ಲ. ಇದನ್ನು ಬಾಡಿಗೆಗೆ ಮಾಡಿಸುವುದು ಸಲ್ಲದು, ಮಗನ ಕೈಯಿಂದಲೇ ಆಗಬೇಕು ಎಂದು ನಿಶ್ಚಯಿಸಿ ಒಂದು ಶನಿವಾರ ಬೆಳಿಗ್ಗೆ ಕತ್ತಿ, ಪುಟ್ಟ ಹಾರೆ ಹಿಡಿದು ಸ್ಮಶಾನಕ್ಕೆ ಹೋದೆ. ಸಿಮೆಂಟಿನ ಅಂಚಿನೊಳಗಿನ ಮಣ್ಣಿನಲ್ಲಿ ಬೆಳೆದದ್ದನ್ನೆಲ್ಲ ಕಿತ್ತೆ. ಬೇರುಸಹಿತ ಕಿತ್ತೆ. ಎರಡು ಗಂಟೆ ಹಿಡಿಯಿತು. ಬೆವರೊರೆಸಿಕೊಂಡು ನಿಂತಾಗ, ನಿಜ ಹೇಳುತ್ತೇನೆ, ನನ್ನ ಬಗ್ಗೆ ನನಗೇ ಅಭಿಮಾನವೆನಿಸಿತು.

ಅಷ್ಟರಲ್ಲಿ ಪಕ್ಕದ ಸಾಲಿನ ಸಮಾಧಿಯ ಕೆಲಸಕ್ಕೆ ಬಂದ ಬಾಯಮ್ಮ ನನ್ನನ್ನು ಕಂಡು ಹತ್ತಿರ ಬಂದರು. ಕಿತ್ತುಹಾಕಿದ ರಾಶಿಯನ್ನು ನೋಡಿದರು. ಬಗ್ಗಿ ಅದರೊಳಗಿಂದ ಒಂದು ಗಿಡವನ್ನು ಮೆಲ್ಲನೆ ಎತ್ತಿಕೊಂಡರು. ಹೂವಿರಲಿಲ್ಲ, ಮಳೆಗೆ ಎಲೆಗಳು ಕೊಳೆತಿದ್ದವು.

"ಮಗಾ, ಇದು ನಿತ್ಯಪುಷ್ಪ. ನಿನ್ನ ಅಪ್ಪನ ತಲೆಯ ಕಡೆ ನಿನ್ನ ಅಮ್ಮ ನೆಟ್ಟದ್ದು. ನಾನು ಪ್ರತಿ ವರ್ಷ ಇದನ್ನು ಬಿಟ್ಟು ಮಿಕ್ಕಿದ್ದನ್ನು ಕೀಳುತ್ತಿದ್ದೆ."

ನನಗೆ ಗೊತ್ತಿರಲಿಲ್ಲ. ಅಮ್ಮ ಅದನ್ನು ನೆಡುವಾಗ ನಾನು ಊರಿನಲ್ಲಿರಲಿಲ್ಲ. ಅನಂತರ ಅಮ್ಮನನ್ನು ಅದೇ ಮಣ್ಣಿಗೆ ಇಳಿಸಿದಾಗ ಬಂದು ಮೂರು ದಿನವಿದ್ದು ಮರಳಿದ್ದೆ. ಆ ಗಿಡವನ್ನು ಗುರುತಿಸಿ, ಅಗೆದಾಗ ಒಂದು ಪಕ್ಕಕ್ಕೆ ಎತ್ತಿಟ್ಟು, ಮತ್ತೆ ಅದೇ ಜಾಗದಲ್ಲಿ ಊರಿ ಉಳಿಸಿದವರು ನಾನು ಕೂಲಿ ಕಳುಹಿಸುತ್ತಿದ್ದ ಈ ಹೆಂಗಸು. ಇಷ್ಟು ವರ್ಷ ನಾನು ಹುಲ್ಲು ಕೀಳುವುದಕ್ಕೆ ಹಣ ಕೊಡುತ್ತಿದ್ದೇನೆಂದು ತಿಳಿದಿದ್ದೆ; ಕೀಳದೆ ಬಿಟ್ಟದ್ದಕ್ಕೆ ಏನೂ ಕೊಟ್ಟಿರಲಿಲ್ಲ, ಅವರೂ ಕೇಳಿರಲಿಲ್ಲ.

ಬೇರು ಪೂರ್ತಿ ಒಣಗಿರಲಿಲ್ಲ. ಬಾಯಮ್ಮ ಕೈಯಿಂದಲೇ ಮಣ್ಣು ಬಗೆದು ಗಿಡವನ್ನು ತಲೆಯ ಕಡೆ ಊರಿದರು. ನಾನು ನಲ್ಲಿಯಿಂದ ನೀರು ತಂದೆ. ಬದುಕುವುದೋ ಇಲ್ಲವೋ ಹೇಳಲಾಗದು ಎಂದ ಅವರು, ಆ ಕೊನೆಯ ಸಮಾಧಿಯ ಹತ್ತಿರ ಇದೇ ಗಿಡದ ಬೀಜದಿಂದ ಎದ್ದ ಸಸಿಗಳಿವೆ, ಬೇಕಾದರೆ ಒಂದು ತರೋಣ ಎಂದರು. ಅಂದಿನ ಕೂಲಿಯನ್ನು ನಾನು ಕೊಟ್ಟೆ, ಪೂರ್ತಿ ದಿನದ್ದು. ಇವತ್ತು ನಾನೇನೂ ಕೆಲಸ ಮಾಡಲಿಲ್ಲವಲ್ಲ ಎಂದು ಅವರು ಹಿಂಜರಿದರು. ಬರುವ ವರ್ಷ ನನ್ನ ಜೊತೆಗೇ ಬಂದು ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ತೋರಿಸಬೇಕೆಂದು ಕೇಳಿಕೊಂಡೆ. ಅವರು ನೋಟುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ಹಾಗಾದರೆ ಬೆಳಿಗ್ಗೆ ಏಳು ಗಂಟೆಗೇ ಬಾ ಮಗಾ, ಬಿಸಿಲೇರಿದರೆ ನಿನಗೆ ಆಗುವುದಿಲ್ಲ" ಎಂದು ಪಕ್ಕದ ಸಾಲಿಗೆ ಹೋದರು.